ಆಮೇಲೆ ಅದನ್ನು ಏನು ಮಾಡಿದರಂತೆ?

ಶನಿವಾರ ಅಮ್ಮನನ್ನು ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನ ಪಿಯರ್ 21ಕ್ಕೆ ಕರೆದುಕೊಂಡು ಹೋಗಿದ್ದೆ. ಶಿರಸಿಯಿಂದ ಅವಳು ಬಂದು ಐದೇ ದಿನವಾಗಿತ್ತು. ಅಲ್ಲಿ ಅವಳು ಕೇಳಿದ ಒಂದು ಮಾತು ವಾರವಿಡೀ ನನ್ನನ್ನು ಬಿಟ್ಟಿಲ್ಲ.

ಹಡಗುಕಟ್ಟೆಗೆ ಅಂಟಿಕೊಂಡ ಉದ್ದನೆಯ ಇಟ್ಟಿಗೆ ಕಟ್ಟಡ. 1928ರಿಂದ 1971ರವರೆಗೆ ಹೆಚ್ಚುಕಡಿಮೆ ಹತ್ತು ಲಕ್ಷ ವಲಸಿಗರು ಕೆನಡಾದ ನೆಲಕ್ಕೆ ಕಾಲಿಟ್ಟದ್ದು ಇಲ್ಲೇ. ಹಡಗಿನಿಂದ ಇಳಿದವರು ಮಹಡಿಯ ಹಜಾರದಲ್ಲಿ ಮರದ ಬೆಂಚುಗಳ ಮೇಲೆ ಕಾಯಬೇಕಿತ್ತು. ವೈದ್ಯರ ಪರೀಕ್ಷೆ, ಕಾಗದಪತ್ರ, ಸಾಮಾನಿನ ತಪಾಸಣೆ ಮುಗಿದರೆ ಪಕ್ಕದಲ್ಲೇ ರೈಲು. ಇಟಲಿಯವರು, ಡಚ್ಚರು, ಯುದ್ಧ ಮುಗಿದ ಮೇಲೆ ಕೆನಡಾದ ಸೈನಿಕರನ್ನು ಮದುವೆಯಾಗಿ ಕೂಸುಗಳನ್ನೆತ್ತಿಕೊಂಡು ಬಂದ ಬ್ರಿಟನ್ನಿನ ಹೆಂಗಸರು. ಈಗ ಅದು ವಲಸೆಯ ವಸ್ತುಸಂಗ್ರಹಾಲಯ.

ಊರಿನಿಂದ ಕಟ್ಟಿಕೊಂಡು ಬಂದ ಸಾಸೇಜು, ಚೀಸುಗಳನ್ನು ಅಧಿಕಾರಿಗಳು ತೆಗೆದಿಡುತ್ತಿದ್ದರೆಂದು, ಕೆಲವರು ಬಟ್ಟೆಯೊಳಗೆ ಬಚ್ಚಿಟ್ಟುಕೊಳ್ಳುತ್ತಿದ್ದರೆಂದು ಮಾರ್ಗದರ್ಶಿ ಹುಡುಗಿ ಹೇಳಿದಳು. ನಾನು ಕನ್ನಡದಲ್ಲಿ ತಿಳಿಸಿದೆ.

"ಆಮೇಲೆ ಅದನ್ನು ಏನು ಮಾಡಿದರಂತೆ? ಕೇಳು ಅವಳನ್ನು," ಎಂದಳು ಅಮ್ಮ.

"ಎಸೆದಿರುತ್ತಾರೆ ಬಿಡಮ್ಮ," ಎಂದು ನಾನು ಮುಂದೆ ನಡೆದೆ. ಕೇಳಲಿಲ್ಲ. ಅರ್ಧ ನಿಮಿಷದ ಕೆಲಸವಾಗಿತ್ತು.

ಅಮ್ಮ ಹಿತ್ತಿಲಿನ ಕರಿಬೇವಿನ ಸಸಿಯೊಂದನ್ನು ಮಣ್ಣಿನ ಸಮೇತ ಕಿತ್ತು, ಬೇರಿಗೆ ಹಳೆಯ ಸೀರೆಯ ಒದ್ದೆ ತುಂಡು ಸುತ್ತಿ ತಂದಿದ್ದಳು. ದಾರಿಯ ವಿಮಾನ ನಿಲ್ದಾಣದಲ್ಲಿ ಅದನ್ನು ತೆಗೆದುಕೊಂಡರು. ಮಣ್ಣಿನಲ್ಲಿ ಕೀಟ, ರೋಗ ಬರುತ್ತವೆ, ನಿಯಮ ಸರಿಯಾದದ್ದೇ. ಆ ಅಧಿಕಾರಿಯೂ ಒಳ್ಳೆಯವನೇ ಇರಬೇಕು, ಸೀರೆಯ ತುಂಡನ್ನು ಮಡಿಸಿ ವಾಪಸು ಕೊಟ್ಟನಂತೆ. ಅಮ್ಮ ಇದನ್ನು ಹೇಳುತ್ತಿದ್ದಾಗ ನಾನು, "ಮಣ್ಣು ತರಬೇಡ ಎಂದು ಎಷ್ಟು ಸಲ ಹೇಳಿದ್ದೆ?" ಎಂದು ಗದರಿದ್ದೆ. ನನ್ನ ಗಂಡನೂ "ಕಾನೂನು ಕಾನೂನೇ" ಎಂದರು. ಅವರ ಮಾತು ನಿಜ. ಆದರೆ ಅಷ್ಟು ದೂರ ಪ್ರಯಾಣ ಮಾಡಿ ಬಂದವಳ ಮುಂದೆ ಅದನ್ನು ಹೇಳುವ ಅವಸರವೇನಿತ್ತು?

ಅಂದಿನಿಂದ ನನಗೆ ಆ ಸಾಸೇಜುಗಳದೇ ಯೋಚನೆ. ಇಳಿದವರ ಹೆಸರು, ಹಡಗು, ತಾರೀಖು ದಾಖಲೆಯಲ್ಲಿವೆ. ಅವರು ಊರಿನಿಂದ ಹೊರಡುವ ಹಿಂದಿನ ರಾತ್ರಿ ಯಾವುದೋ ಹಳ್ಳಿಯ ಅಡುಗೆಮನೆಯಲ್ಲಿ ಕೂತು ಅದನ್ನು ಕಾಗದದಲ್ಲಿ ಸುತ್ತಿ ದಾರ ಬಿಗಿದವಳು ಹಡಗು ಹತ್ತಲೇ ಇಲ್ಲ, ಅವಳ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಮಗನಿಗೆ ಅಲ್ಲಿ ಹೊಟ್ಟೆಗೇನು ಸಿಗುತ್ತದೋ ಎಂಬುದಷ್ಟೇ ಅವಳ ಚಿಂತೆ. ಮಗ ರೈಲಿನಲ್ಲಿ ಮೆತ್ತನೆಯ ಬಿಳಿ ಬ್ರೆಡ್ಡನ್ನು ಒಲ್ಲದ ಮನಸ್ಸಿನಿಂದ ತಿಂದಿರಬೇಕು. ಕಟ್ಟಿಕೊಟ್ಟದ್ದು ದಾರಿಯಲ್ಲೇ ಹೋಯಿತೆಂದು ಅವನು ಅವಳಿಗೆ ಕಾಗದ ಬರೆದಿರುತ್ತಾನೆಯೇ? ಚೆನ್ನಾಗಿತ್ತು ಎಂದೇ ಬರೆದಿರುತ್ತಾನೆ.

ನಿನ್ನೆ ಸಂಜೆ ಅಮ್ಮ ಆ ಸೀರೆಯ ತುಂಡನ್ನು ಒಗೆದು ಹೀಟರಿನ ಮೇಲೆ ಹರವುತ್ತಿದ್ದಳು. ಇನ್ನೊಮ್ಮೆ ಅಲ್ಲಿಗೆ ಹೋಗಿ ಆ ಹುಡುಗಿಯನ್ನು ಕೇಳೋಣ ಎಂದೆ.

"ಬೇಡ ಬಿಡು," ಎಂದಳು. "ಯಾರಾದರೂ ನೆಟ್ಟಿದ್ದರೂ ನೆಟ್ಟಿರಬಹುದು."