ವಿಟಮಿನ್ ಗುಳಿಗಿ ನುಂಗಿದ್ರ ಕರುಳಿನ ಕ್ಯಾನ್ಸರ್ ಬರೂದಿಲ್ಲೇನ್ರಿ?

ವಿಜಯಪುರದಲ್ಲಿ ಇಪ್ಪತ್ತೆರಡು ವರ್ಷದಿಂದ ಔಷಧ ಅಂಗಡಿ ನಡೆಸುತ್ತಿದ್ದೇನೆ. ಈಗೀಗ ವಾರಕ್ಕೆರಡು ಸಲವಾದರೂ ಯಾರೋ ಒಬ್ಬರು ಮೊಬೈಲು ನನ್ನ ಮುಖಕ್ಕೆ ಹಿಡಿದು ಕೇಳುತ್ತಾರೆ: "ಅಣ್ಣಾರ, ವಿಟಮಿನ್ ಡಿ ತಗೊಂಡ್ರ ಕರುಳಿನ ಕ್ಯಾನ್ಸರ್ ಬರೂದಿಲ್ಲಂತ, ಖರೇನ್ರಿ?" ಡಿ ಅಲ್ಲದಿದ್ದರೆ ಫೋಲಿಕ್ ಆಸಿಡ್, ಅದೂ ಅಲ್ಲದಿದ್ದರೆ ಎಲ್ಲ ವಿಟಮಿನ್ ತುಂಬಿದ ದುಬಾರಿ ಡಬ್ಬಿ. ಹೂಂ ಅಂದರೆ ಲಾಭ ನನಗೇ. ಆದರೂ ನಾನು ಹೇಳುವುದು ಒಂದೇ: ಅದಕ್ಕಂತ ಆದ್ರ ತಗೋಬ್ಯಾಡ್ರಿ.

ಈ ಮಾತಿಗೆ ಬುಡ ಇಲ್ಲ ಅಂತಲ್ಲ. 1980ರಲ್ಲಿ ಅಮೆರಿಕದ ಗಾರ್ಲೆಂಡ್ ಸಹೋದರರು, ಬಿಸಿಲು ಜಾಸ್ತಿ ಇರುವ ಕಡೆ ದೊಡ್ಡಕರುಳಿನ ಕ್ಯಾನ್ಸರಿನ ಸಾವು ಕಡಿಮೆ ಇರುವುದನ್ನು ಕಂಡು, ವಿಟಮಿನ್ ಡಿ ಕಾರಣವಿದ್ದೀತು ಅಂದರು. ರಕ್ತದಲ್ಲಿ ಡಿ ಚಲೋ ಇದ್ದವರಿಗೆ ಈ ರೋಗ ಕಡಿಮೆ ಅಂತಲೂ ಆಮೇಲೆ ಕಂಡುಬಂತು. ಆದರೆ ಡಿ ಚಲೋ ಇರುವವರು ಸಾಮಾನ್ಯವಾಗಿ ಹೊರಗೆ ಓಡಾಡುವವರು, ಬೊಜ್ಜಿಲ್ಲದವರು. ಪುಣ್ಯ ಯಾವುದರದ್ದು? ಗುಳಿಗಿ ಕೊಟ್ಟೇ ನೋಡಬೇಕಿತ್ತು, ನೋಡಿದರು. 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 36,282 ಹೆಂಗಸರಿದ್ದರು. ಅರ್ಧ ಮಂದಿಗೆ ಏಳು ವರ್ಷ ಕ್ಯಾಲ್ಸಿಯಂ ಮತ್ತು ಡಿ, ಉಳಿದವರಿಗೆ ಔಷಧವೇ ಇಲ್ಲದ ಹುಸಿ ಗುಳಿಗಿ. ವ್ಯತ್ಯಾಸ ಇಲ್ಲ. 2018ರ 'ವೈಟಲ್' ಅಧ್ಯಯನದಲ್ಲಿ 25,871 ಜನ, ದಿನಕ್ಕೆ 2000 ಯೂನಿಟ್, ಐದು ವರ್ಷದ ಮೇಲೆ. ಕ್ಯಾನ್ಸರ್ ಬರುವುದು ಕಡಿಮೆಯಾಗಲಿಲ್ಲ. (ಬಿಸಿಲಿಗೆ ಬರವಿಲ್ಲದ ನಮ್ಮೂರಲ್ಲೂ ಡಿ ಕಡಿಮೆ ಅಂತ ರಿಪೋರ್ಟು ಹಿಡಿದು ಬರುವವರು ಬೇಕಾದಷ್ಟು. ಎಲುಬಿಗಾಗಿ ಡಾಕ್ಟರು ಬರೆದದ್ದನ್ನು ಬಿಡಬೇಡಿ, ಅದರ ಲೆಕ್ಕ ಬ್ಯಾರೆ.)

ಫೋಲಿಕ್ ಆಸಿಡ್ ಕತೆ ಇನ್ನೂ ವಿಚಿತ್ರ. ಹೊಸ ಜೀವಕೋಶ ಕಟ್ಟಲು ಅದು ಬೇಕೇ ಬೇಕು, ಬಸುರಿಯರು ತಪ್ಪಿಸಲೇಬಾರದು. ಆದರೆ ಹೊಲಕ್ಕೆ ಚೆಲ್ಲಿದ ಗೊಬ್ಬರ ಜೋಳಕ್ಕೂ ಸೇರುತ್ತದೆ, ಕಸಕ್ಕೂ ಸೇರುತ್ತದೆ. ಕರುಳಿನ ಕ್ಯಾನ್ಸರ್ ಹೆಚ್ಚಾಗಿ ಶುರುವಾಗುವುದು ಒಳಗೋಡೆಯ ಸಣ್ಣ ಗಂಟಿನಿಂದ. ಆ ಗಂಟು ಕೆಟ್ಟು ಕ್ಯಾನ್ಸರ್ ಆಗಲು ಹತ್ತು ವರ್ಷವೇ ಹಿಡಿದೀತು. ಅಂಥ ಗಂಟು ಒಮ್ಮೆ ತೆಗೆಸಿಕೊಂಡಿದ್ದ ಸಾವಿರ ಚಿಲ್ಲರೆ ಜನರ ಅಧ್ಯಯನ 2007ರಲ್ಲಿ ಬಂತು. ದಿನಕ್ಕೆ 1 ಮಿಲಿಗ್ರಾಂ ತಗೊಂಡವರಲ್ಲಿ ಗಂಟು ಕಡಿಮೆಯಾಗುವುದು ಹಾಗಿರಲಿ, ಒಬ್ಬರಿಗೇ ಮೂರು ಮತ್ತು ಹೆಚ್ಚು ಗಂಟು ಎದ್ದದ್ದು ಅವರಲ್ಲೇ ಜಾಸ್ತಿ. ಮುಂದೆ ಹಲವು ಅಧ್ಯಯನ ಕೂಡಿಸಿ ನೋಡಿದಾಗ ಕ್ಯಾನ್ಸರ್ ಹೆಚ್ಚಾದದ್ದು ಕಾಣಲಿಲ್ಲ. ಕಡಿಮೆಯಾದದ್ದೂ ಕಾಣಲಿಲ್ಲ.

ಹಾಗಾದರೆ ಏನು ಮಾಡೋದ್ರಿ ಅಂದರೆ, ರೊಟ್ಟಿ ತಿನ್ನಿ ಅನ್ನುತ್ತೇನೆ. ನಗುತ್ತಾರೆ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು. ದಿನಕ್ಕೆ ಅಷ್ಟು ನಾರು ಹೆಚ್ಚು ತಿನ್ನುವವರಲ್ಲಿ ಈ ಕ್ಯಾನ್ಸರ್ ನೂರಕ್ಕೆ ಹತ್ತರಷ್ಟು ಕಡಿಮೆ ಎಂದು 2011ರ ಒಂದು ದೊಡ್ಡ ವಿಶ್ಲೇಷಣೆ ಹೇಳಿತು. ಕರುಳಿನ ಬ್ಯಾಕ್ಟೀರಿಯಾ ನಾರನ್ನು ಹುಳಿಯಿಸಿ ಬ್ಯುಟಿರೇಟ್ ಅನ್ನುವ ಪದಾರ್ಥ ಮಾಡುತ್ತವೆ. ಕರುಳಿನ ಗೋಡೆಗೆ ಅದೇ ಊಟ. ಜೊತೆಗೆ ಮಡಕಿಕಾಳು, ಮೆಂತ್ಯೆ ಪಲ್ಯ, ಮೊಸರು. ಕುಡಿತ, ಸಿಗರೇಟು, ಬೊಜ್ಜು ಅಪಾಯ ಹೆಚ್ಚಿಸುತ್ತವೆ. ಅವಕ್ಕೆ ನನ್ನ ಅಂಗಡಿಯಲ್ಲಿ ಗುಳಿಗಿ ಇಲ್ಲ.

ಇಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ನನ್ನ ಸೋದರಮಾವ ಒಕ್ಕಲುತನದವರು, ಐವತ್ತಾರು ವರ್ಷ. "ಸುಸ್ತ ಆಗಾಕತ್ತೈತಿ" ಅಂತ ಬಂದರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ಬಿಳಿಚಿತ್ತು. ಕಬ್ಬಿಣದ ಟಾನಿಕ್ಕು, ಬಿ ಕಾಂಪ್ಲೆಕ್ಸು ಕೊಟ್ಟವನು ನಾನೇ. ನಡುವೆ ಒಂದಿಷ್ಟು ದಿನ ಗೆಲುವಾದರು. ಮಲ ಕಪ್ಪಗೆ ಹೋಗತೈತಿ ಅಂದಾಗ, ಕಬ್ಬಿಣ ತಗೊಂಡ್ರ ಹಂಗ ಆಗತೈತಿ ಅಂದೆ. ಅದು ಸುಳ್ಳೂ ಅಲ್ಲ. ಎಂಟು ತಿಂಗಳಾದ ಮೇಲೆ ಕೊಲೊನೋಸ್ಕೋಪಿ, ಅಂದರೆ ದೊಡ್ಡಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆ, ಮಾಡಿಸಿದೆವು. ಬಲಗಡೆಯ ದೊಡ್ಡಕರುಳಲ್ಲಿ ಗಡ್ಡೆ, ಅಷ್ಟು ದಿನವೂ ಸಣ್ಣಗೆ ರಕ್ತ ಸೋರುತ್ತಿತ್ತು. ನಾನು ಸೋರುವ ಕೊಡಕ್ಕೆ ನೀರು ಹಾಕುತ್ತ ಕೂತಿದ್ದೆ. ಆಪರೇಷನ್ ಆಯಿತು, ಕೀಮೋ ಆಯಿತು. ಆಮೇಲೆ ಎರಡು ದೀಪಾವಳಿ ಕಂಡರು.

ನಡುವಯಸ್ಸಿನ ಗಂಡಸಿಗೆ, ಮುಟ್ಟು ನಿಂತ ಹೆಂಗಸಿಗೆ ರಕ್ತ ಕಡಿಮೆಯಾದರೆ, ಯಾವ ಟಾನಿಕ್ ಅಂತ ಕೇಳುವ ಮೊದಲು ರಕ್ತ ಎಲ್ಲಿ ಹೋಗುತ್ತಿದೆ ಅಂತ ಡಾಕ್ಟರನ್ನು ಕೇಳಬೇಕು. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಅಂತ ತಾವೇ ತೀರ್ಮಾನ ಮಾಡಿಕೊಂಡು ಮುಲಾಮು ಒಯ್ಯುವವರಿಗೂ ಇದೇ ಮಾತು.

ಈಗ ಟಾನಿಕ್ ಕೇಳಿದವರಿಗೆ "ಸಂಡಾಸದಾಗ ರಕ್ತ ಹೊಕ್ಕೈತೇನ್ರಿ?" ಅನ್ನುತ್ತೇನೆ. ಕೌಂಟರ್ ಮುಂದೆ ನಾಲ್ಕು ಮಂದಿ ನಿಂತಿರುತ್ತಾರೆ, ನಾಚಿ "ಇಲ್ರೀಪಾ" ಅಂದುಬಿಡುತ್ತಾರೆ. ಅದಕ್ಕೆ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ಹೋದ ಸೋಮವಾರ ಒಬ್ಬರು ಅದನ್ನು ಎರಡು ಸಲ ಓದಿ, ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡು, ಟಾನಿಕ್ ಅಲ್ಲೇ ಬಿಟ್ಟು ಹೋದರು.