ಪಹಣಿಯ ಒಂಬತ್ತನೇ ಕಾಲಂ

ರಾತ್ರಿ ಊಟ ಆದಮೇಲೆ ಎಲ್ಲರೂ ಫೋನಿನಲ್ಲಿ ರೀಲ್ಸ್ ನೋಡುತ್ತಾರೆ. ನಾನು ಪಹಣಿ, ಅಂದರೆ ಜಮೀನಿನ ದಾಖಲೆ, ನೋಡುತ್ತೇನೆ. ನಗಬೇಡಿ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಅಂತ ಒಂದೊಂದೇ ಆರಿಸಬೇಕು. ನಡುವೆ ‘ಸುರ್ನೋಕ್’ ಅಂತೊಂದು ಬರುತ್ತೆ. ಅಲ್ಲಿ ಒಂದು ನಕ್ಷತ್ರದ ಗುರುತು ಬಿಟ್ಟು ಬೇರೇನೂ ಇದ್ದದ್ದನ್ನು ನಾನಂತೂ ನೋಡಿಲ್ಲ. ಆದರೂ ಅದನ್ನು ಒತ್ತದೆ ಮುಂದಕ್ಕೆ ಬಿಡೋಲ್ಲ. ಆಮೇಲೆ ಹಿಸ್ಸಾ, ಅಂದರೆ ಆ ಸರ್ವೆ ನಂಬರಿನೊಳಗಿನ ಭಾಗ. ಇಷ್ಟಾದರೆ ನಾಗಮಂಗಲ ತಾಲ್ಲೂಕಿನ ನಮ್ಮ ಹೊಲ ಮೈಸೂರಿನ ಅಡುಗೆಮನೆಗೆ ಬಂದುಬಿಡುತ್ತೆ.

ನಮ್ಮದಕ್ಕಿಂತ ಬೇರೆಯವರ ಪಹಣಿ ನೋಡೋದೇ ಮಜಾ. ಕಾಲಂ 11ಕ್ಕೆ ಹೋದರೆ ಯಾರು ಯಾವ ಬ್ಯಾಂಕಿನಲ್ಲಿ ಎಷ್ಟು ಸಾಲ ಎತ್ತಿದ್ದಾರೆ ಅನ್ನೋದೂ ಸಿಗುತ್ತೆ. ಮದುವೆ ಮನೆಯಲ್ಲಿ ಜೋರು ಮಾಡಿದವರದ್ದನ್ನು ನಾನು ತಪ್ಪದೆ ನೋಡುತ್ತೇನೆ.

ನಮ್ಮದು 2 ಎಕರೆ 20 ಗುಂಟೆ. ಅಂದರೆ ಸರಿಯಾಗಿ 100 ಗುಂಟೆ. ಸರ್ವೆಯವರ ಹಳೇ ಸರಪಳಿ 33 ಅಡಿ ಉದ್ದ. ಅದನ್ನು ಉದ್ದಕ್ಕೊಂದು, ಅಗಲಕ್ಕೊಂದು ಹಾಕಿದರೆ 1,089 ಚದರ ಅಡಿ, ಅದೇ ಒಂದು ಗುಂಟೆ. ಗುಂಟೆಗೆ 16 ಆಣೆ. ದುಡ್ಡಿನಲ್ಲಿ ಆಣೆ ಲೆಕ್ಕ 1957ರಲ್ಲೇ ಹೋಯಿತು, ಪಹಣಿಯಲ್ಲಿ ಇನ್ನೂ ಗಟ್ಟಿಯಾಗಿ ಕೂತಿದೆ.

ಈ 100 ಗುಂಟೆ ತಾತನಿಗೆ ಬಂದದ್ದು ದೇವರಾಜ ಅರಸು ಕಾಲದಲ್ಲಿ. ಅದಕ್ಕೂ ಮುಂಚೆ ತಾತ ಅದೇ ಹೊಲಕ್ಕೆ ಗೇಣಿದಾರ. ಬೆಳೆದ ರಾಗಿಯಲ್ಲಿ ಅರ್ಧ ಅಳೆದು ಕೊಟ್ಟು ಬರುತ್ತಿದ್ದರಂತೆ. 1974ರ ಮಾರ್ಚ್ 1ಕ್ಕೆ, ಉಳುವವನಿಗೇ ಭೂಮಿ ಅನ್ನುವ ಭೂಸುಧಾರಣೆ ತಿದ್ದುಪಡಿ ಕಾಯ್ದೆ ಜಾರಿಗೆ ಬಂತು. ಊರಿಗೆ ಊರೇ ಫಾರಂ ನಂಬರ್ 7 ತುಂಬಿ ಭೂನ್ಯಾಯ ಮಂಡಳಿ ಮುಂದೆ ನಿಂತಿತು. ಶುರುವಿನಲ್ಲಿ ಅಲ್ಲಿಗೆ ವಕೀಲರು ಬರುವ ಹಾಗಿರಲಿಲ್ಲ. ಗೇಣಿದಾರನೇ ನಿಂತು ‘ಈ ಹೊಲ ಉಳ್ತಿರೋನು ನಾನೇ ಸ್ವಾಮಿ’ ಅನ್ನಬೇಕು. ಜಮೀನ್ದಾರರ ಎದುರು ಚಪ್ಪಲಿ ಬಿಟ್ಟು ನಿಂತು ಅಭ್ಯಾಸವಾಗಿದ್ದ ತಾತ ಆ ಮಾತನ್ನು ಬಾಯಿಬಿಟ್ಟು ಹೇಳಿದರಲ್ಲ, ಅದು ನನಗೆ ಈಗಲೂ ದೊಡ್ಡದು. ರಾಜಕಾರಣಿಗಳೆಲ್ಲ ಒಂದೇ ಅಂತ ಯಾರಾದರೂ ಅಂದರೆ ನಾನು ಸುಮ್ನೆ ಈ ಪಹಣಿ ತೋರಿಸುತ್ತೇನೆ.

ಆಮೇಲೆ ಕಂಪ್ಯೂಟರ್ ಬಂತು. ಎಸ್.ಎಂ. ಕೃಷ್ಣ ಮುಖ್ಯಮಂತ್ರಿ ಆಗಿದ್ದಾಗ ಭೂಮಿ ಯೋಜನೆ ರಾಜ್ಯದ ಎಲ್ಲ ತಾಲ್ಲೂಕುಗಳಿಗೂ ಹರಡಿತು. ಸುಮಾರು 2 ಕೋಟಿ ಪಹಣಿ, 67 ಲಕ್ಷ ರೈತರು. ಅದುವರೆಗೆ ಪಹಣಿ ಬೇಕು ಅಂದರೆ ವಿಲೇಜ್ ಅಕೌಂಟೆಂಟ್ ಯಾವ ಊರಲ್ಲಿದ್ದಾರೆ ಅಂತ ಹುಡುಕಬೇಕಿತ್ತು. ಸಿಕ್ಕರೂ ‘ಬುಕ್ಕು ಮನೇಲೈತೆ, ಸೋಮವಾರ ಬಾ’. ಭೂಮಿ ಬಂದಮೇಲೆ ತಾಲ್ಲೂಕು ಕಚೇರಿ ಕಿಟಕಿಯಲ್ಲಿ ಆಗ 15 ರೂಪಾಯಿ ಕೊಟ್ಟರೆ ಅಲ್ಲೇ ಪ್ರಿಂಟು ಸಿಗುತ್ತಿತ್ತು. ಅಪ್ಪ ಮೊದಲ ಸಲ ತಂದ ಪ್ರಿಂಟನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ದೇವರ ಫೋಟೋ ಹಿಂದೆ ಇಟ್ಟಿದ್ದರು.

ಆದರೆ ಕಂಪ್ಯೂಟರ್ ಮಾಡಿದ್ದು ಏನು? ಬುಕ್ಕಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಇಳಿಸಿಕೊಂಡಿತು. ಕಾಲಂ 9ರಲ್ಲಿ ಸ್ವಾಧೀನದಾರರ ಹೆಸರು ಇರುತ್ತೆ. ನಮ್ಮದರಲ್ಲಿ ಇವತ್ತಿಗೂ ತಾತನ ಹೆಸರೇ. ತಾತ ಹೋಗಿ ನಲವತ್ತು ವರ್ಷ ಆಗಿರಬೇಕು. ಜೊತೆಗೆ ಕಳೆ ಕಿತ್ತ ಅಜ್ಜಿಯ ಹೆಸರು ಆಗಲೂ ಇರಲಿಲ್ಲ. ಹೋಗಲಿ ಅಂತ ಒಂದು ರಾತ್ರಿ ನಮ್ಮೂರಿನ ಅಕ್ಕಪಕ್ಕದ ಸರ್ವೆ ನಂಬರುಗಳನ್ನೆಲ್ಲ ತೆಗೆದು ನೋಡಿದೆ. ಹೆಂಗಸರ ಹೆಸರು ಇರೋದು ಎರಡೇ ಕಡೆ ಸಿಕ್ಕಿತು. ಇಬ್ಬರೂ ಗಂಡನನ್ನು ಕಳಕೊಂಡವರು.

ಹಾಗಂತ ಕಾನೂನಿಗೆ ಬರವಿಲ್ಲ. ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೂ ಭಾಗ ಅನ್ನೋದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇದೆ. ಪಿತ್ರಾರ್ಜಿತ ಆಸ್ತಿಗೂ ಹೆಣ್ಣುಮಕ್ಕಳು ಸಮ ಅಂತ ಕರ್ನಾಟಕ 1994ರಲ್ಲೇ ಜಾರಿಗೆ ತಂತು, ಆದರೆ ಆಗಲೇ ಮದುವೆ ಆದವರನ್ನು ಹೊರಗಿಟ್ಟಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. ಅಪ್ಪ ಆ ದಿನ ಬದುಕಿರಲೇಬೇಕು ಅಂತೇನಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತೆ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಇಷ್ಟೆಲ್ಲ ಆದಮೇಲೂ ಕಾಲಂ 9 ಹಾಗೇ ಇದೆ.

ಈಗ ಕಂದಾಯ ಇಲಾಖೆ ಪೌತಿ ಖಾತೆ ಆಂದೋಲನ ಮಾಡುತ್ತಿದೆ. ಸತ್ತವರ ಹೆಸರಲ್ಲಿರೋ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಕೊಡೋದು. ತಮ್ಮ ಫೋನ್ ಮಾಡಿದ.

“ಅಕ್ಕಯ್ಯ, ನಿನ್ ಆಧಾರ್ ಕಾಪಿ ವಾಟ್ಸಾಪ್ ಮಾಡು. ಖಾತೆ ಮಾಡುಸ್ಕೊತಾ ಇದೀನಿ. ಒಂದ್ ಸೈನ್ ಬೇಕು ಅಷ್ಟೆ.”

“ಸರಿ. ನನ್ ಹೆಸರೂ ಹಾಕ್ಸು.”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಭಾವ ಹೇಳಿದ್ರಾ?”

ಪಾಪ ಇವರು. ಗುಂಟೆ ಅಂದರೆ ಎಷ್ಟು ಅಂತ ನೆಟ್ಟಗೆ ಗೊತ್ತಿಲ್ಲ, ಎಲ್ಲವನ್ನೂ 30×40 ಸೈಟಿನಲ್ಲೇ ಲೆಕ್ಕ ಹಾಕುವ ಮನುಷ್ಯ. ಹೆಣ್ಣುಮಕ್ಕಳು ಭಾಗ ಕೇಳಿದರೆ ಹಿಂದೆ ಅಳಿಯನೇ ಇರಬೇಕು ಅಂತ ಲೆಕ್ಕ. ನಾನು ಮೂವತ್ತು ವರ್ಷ ಬ್ಯಾಂಕಿನಲ್ಲಿ ಬೇರೆಯವರ ಜಮೀನಿನ ಪತ್ರ ಓದಿದವಳು ಅನ್ನೋದು ಯಾರಿಗೂ ನೆನಪಾಗೋಲ್ಲ.

ಮಾರನೇ ದಿನ ಅವ್ವನ ಸರದಿ. “ಗೌರಿಹಬ್ಬುಕ್ಕೆ ಬಾಗ್ನ ಬತ್ತದಲ್ಲವ್ವ, ಅದ್ನ ಯಾಕೆ ಕಳ್ಕೊಂಡೀಯೆ?” ಬಾಗಿನ ಬೇಡ ಅಂತ ನಾನು ಎಲ್ಲಿ ಅಂದೆ? ಅವ್ವನ ಹೆಸರೂ ಬರುತ್ತೆ ಅಂತ ಹೇಳಿದೆ. “ನಂಗ್ಯಾಕೆ?” ಅಂದಳು. ಆದರೆ ಫೋನ್ ಇಡಲಿಲ್ಲ. ಎಷ್ಟು ಬರುತ್ತೆ ಅಂತ ಕೇಳಿಕೊಂಡೇ ಇಟ್ಟಳು.

ತಮ್ಮ ದಡ್ಡನಲ್ಲ. ಎರಡು ದಿನ ಬಿಟ್ಟು ಮತ್ತೆ ಮಾಡಿದ. “ಹಂಗಾರೆ ಅತ್ತೆದೀರ್ಗೂ ಕೊಡ್ಬೇಕಾಯ್ತದಲ್ಲ?” ನಾನು ಹಿಂದಕ್ಕೆ ಸರಿಯುತ್ತೇನೆ ಅಂದುಕೊಂಡಿದ್ದ. ಯಾಕೆಂದರೆ ಅತ್ತೆಯರನ್ನು ಬಿಟ್ಟರೆ ಅಪ್ಪನಿಗೂ ಚಿಕ್ಕಪ್ಪನಿಗೂ 50-50 ಗುಂಟೆ. ಅಪ್ಪನೂ ಈಗಿಲ್ಲ, ಅವರದ್ದರಲ್ಲಿ ಅವ್ವ, ತಮ್ಮ, ನಾನು ಅಂದರೆ ನನಗೆ ಹದಿನಾರೂ ಮುಕ್ಕಾಲು ಗುಂಟೆಯ ಹತ್ತಿರ. ಇಬ್ಬರು ಅತ್ತೆಯರನ್ನು ಸೇರಿಸಿದರೆ ತಾತನ ನಾಲ್ಕೂ ಮಕ್ಕಳಿಗೆ ತಲಾ 25, ನನಗೆ ಬರೋದು 8 ಗುಂಟೆ 5 ಆಣೆ ಚಿಲ್ಲರೆ. ಇವರ ಲೆಕ್ಕದಲ್ಲಿ ಏಳೂವರೆ ಸೈಟು.

ಕೊಡಬೇಕು ಅಂದೆ. ನನಗೆ ಒಂದು ನ್ಯಾಯ, ಅತ್ತೆಯರಿಗೆ ಇನ್ನೊಂದು ಅಂದರೆ ನಾನೂ ಆ ಕಾಲಂ 9ರ ಥರಾನೇ ಅಲ್ವಾ?

ಕಾಗದ ಪತ್ರದ ಕೆಲಸ ಇನ್ನೂ ಬೇಕಾದಷ್ಟಿದೆ. ತಾತನ ಮರಣ ಪ್ರಮಾಣಪತ್ರವೇ ಇಲ್ಲ, ಆಗ ಯಾರೂ ಬರೆಸಿರಲಿಲ್ಲ. ವಂಶವೃಕ್ಷ ಮಾಡಿಸಬೇಕು. ಚಿಕ್ಕಪ್ಪ ಇನ್ನೂ ಬಾಯಿ ಬಿಟ್ಟಿಲ್ಲ.

ಚನ್ನರಾಯಪಟ್ಟಣದ ದೊಡ್ಡತ್ತೆಗೆ ನಾನೇ ಫೋನ್ ಮಾಡಿದೆ. ವಯಸ್ಸು ಎಂಬತ್ತು ದಾಟಿದೆ, ಕಿವಿ ಮಂದ. ಎಲ್ಲವನ್ನೂ ಕೂಗಿ ಕೂಗಿ ವಿವರಿಸಿದೆ. ಬೇಡ ಕಣವ್ವ ಅಂತಾರೆ ಅಂತಲೇ ಅಂದುಕೊಂಡಿದ್ದೆ.

“ಇಪ್ಪತ್ತೈದು ಗುಂಟೆನಾ? ರೋಡ್ ಕಡೇದೋ, ಹಿಂದ್ಲುದೋ?”

“ಇನ್ನೂ ಪೋಡಿ ಆಗಿಲ್ಲ ಅತ್ತೆ, ಅಳೆದು ಭಾಗ ಮಾಡಿಲ್ಲ.”

“ಆಗಿಲ್ವಾ? ಹಂಗಾರೆ ರೋಡ್ ಕಡೇದೇ ಬರುಸು,” ಅಂದರು.