ಮಾಲ್ಡೀವ್ಸ್ ಸಫಾರಿ ದೋಣಿಯಲ್ಲಿ ಒಂದು ವಾರ: ಸೆಳೆತ, ಗ್ಯಾಸ್ ಮತ್ತು ಸೀಸದ ಲೆಕ್ಕ

ಮಾರ್ಗ: ಹುಲ್ಹುಮಾಲೆ, ದಕ್ಷಿಣ ಮಾಲೆ, ವಾವು, ದಕ್ಷಿಣ ಆರಿ, ಉತ್ತರ ಆರಿ, ರಸ್ಧೂ, ಮತ್ತೆ ಹುಲ್ಹುಮಾಲೆ. (ಹುಲ್ಹುಮಾಲೆ ರಾಜಧಾನಿ ಮಾಲೆಯ ಪಕ್ಕದ ದ್ವೀಪ, ಉಳಿದವು ಹವಳದ ಉಂಗುರಗಳು.)
ಕಾಲ: ಫೆಬ್ರವರಿ ಕೊನೆ, ವಾರದ ನಡುವೆ ಹುಣ್ಣಿಮೆ. ನೀರು 28 ಡಿಗ್ರಿ.
ಸಿಲಿಂಡರ್: 12 ಲೀಟರಿನ ಅಲ್ಯೂಮಿನಿಯಂ, 200 ಬಾರ್, ನೈಟ್ರಾಕ್ಸ್ 32 (ಶೇ. 32 ಆಮ್ಲಜನಕವಿರುವ ಉಸಿರಾಟದ ಮಿಶ್ರಣ). ಸೂಟ್: 3 ಮಿ.ಮೀ., ಮೈತುಂಬ.

ಮೊದಲು ಪೂರ್ವ, ಆಮೇಲೆ ಪಶ್ಚಿಮ ಎಂದು ಮಾರ್ಗ ಸುತ್ತುವುದಕ್ಕೆ ಕಾರಣ ನೀರಿನ ಸೆಳೆತ. ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಈಶಾನ್ಯ ಮಾರುತದ ಕಾಲದಲ್ಲಿ (ಅಲ್ಲಿಯವರ 'ಇರುವೈ') ಸಾಗರದ ನೀರು ಒಟ್ಟಾರೆ ಪೂರ್ವದಿಂದ ಪಶ್ಚಿಮಕ್ಕೆ ತಳ್ಳುತ್ತದೆ. ಪೂರ್ವದಂಚಿನ ಕಂಡುಗಳೊಳಗೆ, ಅಂದರೆ ಹವಳದ ಉಂಗುರವನ್ನು ಸೀಳಿಕೊಂಡು ಹೋಗುವ ಕಾಲುವೆಗಳೊಳಗೆ, ತಿಳಿಯಾದ ಸಾಗರದ ನೀರು ನುಗ್ಗುತ್ತದೆ. ಶಾರ್ಕ್‌ಗಳು ಆ ಬಾಯಿಯಲ್ಲಿ ಸೆಳೆತಕ್ಕೆ ಎದುರಾಗಿ ನಿಲ್ಲುತ್ತವೆ. ಅದೇ ನೀರು ಒಳಗಿನ ಪ್ಲಾಂಕ್ಟನ್ ಹೊತ್ತು ಪಶ್ಚಿಮದ ಕಾಲುವೆಗಳಿಂದ ಹೊರಬೀಳುವಾಗ ಹಸಿರಾಗುತ್ತದೆ. ಅಲ್ಲಿ ಮಂಟಾಗಳಿಗೆ (ದೈತ್ಯ ತೊರಕೆ ಮೀನುಗಳಿಗೆ) ಊಟ. ನೈಋತ್ಯ ಮಾರುತದಲ್ಲಿ ಇದು ತಿರುಗುಮುರುಗು. ಆದ್ದರಿಂದ ಯಾರಾದರೂ ತಾಣದ ಹೆಸರು ಹೇಳಿ ಹೊಗಳಿದರೆ ಯಾವ ತಿಂಗಳಿನ ಮಾತು ಎಂದು ಮೊದಲು ಕೇಳಬೇಕು.

ಮಾರುತದ ತಳ್ಳುವಿಕೆಯ ಮೇಲೆ ಉಬ್ಬರ ಇಳಿತ ಸೇರಿಕೊಳ್ಳುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಚೀಚೆ ಎರಡು ದಿನ ಸೆಳೆತ ಜೋರು. ಈ ವಾರದ ಬಿಗಿಯಾದ ಡೈವ್‌ಗಳೆಲ್ಲ ಹುಣ್ಣಿಮೆಯ ಸುತ್ತಲೇ ಬಿದ್ದಿವೆ.

ಭಾನುವಾರ, ಹುಲ್ಹುಮಾಲೆ

ಡೈವ್ ಇಲ್ಲ. ಸಾಮಾನು ಜೋಡಣೆ, ಸುರಕ್ಷತೆಯ ವಿವರಣೆ.

ಮಲಗುವ ದೊಡ್ಡ ದೋಣಿ ಬೇರೆ, ಡೈವ್‌ಗೆ ಹೋಗುವ ಧೋನಿ ಬೇರೆ. ಸಿಲಿಂಡರ್, ಕಂಪ್ರೆಸರ್ ಎಲ್ಲ ಧೋನಿಯಲ್ಲೇ. ಬಿಸಿಡಿಯನ್ನು (ಗಾಳಿ ತುಂಬಿ ತೇಲಿಕೆ ಹೊಂದಿಸುವ ಅಂಗಿ) ಒಮ್ಮೆ ಕಟ್ಟಿದರೆ ವಾರವಿಡೀ ಅದೇ ಸಿಲಿಂಡರಿಗೆ ಇರುತ್ತದೆ; ಕೂತ ಜಾಗಕ್ಕೇ ಮೆದುಗೊಳವೆ ತಂದು ತುಂಬಿಸುತ್ತಾರೆ. ಇದು ಅನುಕೂಲ, ಆದರೆ ಎರಡು ಕಡೆ ಎಡವಟ್ಟಾಗುತ್ತದೆ. ಒಣಗಿದ್ದಾಗ ಬಿಗಿದ ಪಟ್ಟಿ ನೆನೆದ ಮೇಲೆ ಸಡಿಲವಾಗಿ ಸಿಲಿಂಡರ್ ಜಾರುತ್ತದೆ: ಪಟ್ಟಿಯನ್ನು ಮೊದಲೇ ನೆನೆಸಿ ಬಿಗಿಯಿರಿ, ಬಿಸಿಡಿಯ ಹಿಡಿಕೆ ಹಿಡಿದು ಎತ್ತಿ ನೋಡಿ. ಎರಡನೆಯದು ವಾಲ್ವ್. ತುಂಬಿಸಿದವರು ಅದನ್ನು ಅರೆಬರೆ ತೆರೆದು ಬಿಟ್ಟಿರಬಹುದು. ಗೇಜ್ ನೋಡುತ್ತ ರೆಗ್ಯುಲೇಟರಿನಿಂದ (ಬಾಯಲ್ಲಿಟ್ಟು ಉಸಿರಾಡುವ ಉಪಕರಣ) ಮೂರು ಸಲ ಜೋರಾಗಿ ಎಳೆಯಿರಿ. ಮುಳ್ಳು ಕದಲದಿದ್ದರೆ ಸರಿ. ಎಳೆದಾಗ ಇಳಿದು ಮತ್ತೆ ಏರಿದರೆ ವಾಲ್ವ್ ಪೂರ್ತಿ ತೆರೆದಿಲ್ಲ. ಮೇಲೆ ಕೂತಿದ್ದಾಗ ಆ ಗಾಳಿ ಸಾಕಾದಂತೆ ಅನಿಸುತ್ತದೆ, 20 ಮೀಟರಿನಲ್ಲಿ ಮೂರು ಪಟ್ಟು ಗಾಳಿ ಬೇಕಾದಾಗ ಉಸಿರು ಕಟ್ಟುತ್ತದೆ.

ಕ್ಯಾಬಿನ್ ಬಗ್ಗೆ ಒಂದು ಮಾತು. 2019ರ ಸೆಪ್ಟೆಂಬರ್ 2ರಂದು ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ದ್ವೀಪದ ಬಳಿ 'ಕನ್ಸೆಪ್ಶನ್' ಎಂಬ ಡೈವ್ ದೋಣಿಗೆ ನಸುಕಿನಲ್ಲಿ ಬೆಂಕಿ ಬಿದ್ದು 34 ಜನ ಸತ್ತರು. ಮಲಗುವ ಜಾಗ ಕೆಳಗಿತ್ತು. ಹೊರಬರುವ ಎರಡು ದಾರಿಗಳೂ ಮೇಲಿನ ಒಂದೇ ಕೋಣೆಗೆ ತೆರೆಯುತ್ತಿದ್ದವು, ಆ ಕೋಣೆಯೇ ಉರಿಯುತ್ತಿತ್ತು. ರಾತ್ರಿ ಸುತ್ತು ಹಾಕುವ ಕಾವಲೂ ಇರಲಿಲ್ಲ. ಹಾಗಾಗಿ ದೋಣಿ ಹತ್ತಿದ ಕೂಡಲೇ ತುರ್ತು ದಾರಿಯನ್ನು ಕೈಯಾರೆ ತೆರೆದು, ಅದು ಎಲ್ಲಿಗೆ ಹೋಗುತ್ತದೆ ಎಂದು ನಡೆದು ನೋಡಿ. ರಾತ್ರಿ ಎಚ್ಚರ ಇರುವವರು ಯಾರು ಎಂದು ಕೇಳಿ. ಕ್ಯಾಮೆರಾ, ಟಾರ್ಚ್ ಬ್ಯಾಟರಿಗಳನ್ನು ಹಗಲು, ಜನ ಓಡಾಡುವ ಕಡೆ ಮಾತ್ರ ಚಾರ್ಜ್ ಮಾಡಿ; ಹಾಸಿಗೆಯ ಮೇಲೆ ಬೇಡವೇ ಬೇಡ.

ಸೋಮವಾರ, ದಕ್ಷಿಣ ಮಾಲೆ

ಬೆಳಗ್ಗೆ ಶಾಂತ ಹವಳದಿಬ್ಬದಲ್ಲಿ ಪರೀಕ್ಷಾ ಡೈವ್, 15 ಮೀಟರ್. ಇದನ್ನು ಹಗುರವಾಗಿ ತೆಗೆದುಕೊಳ್ಳುವವರೇ ಹೆಚ್ಚು. ವಾರದ ಸೀಸದ ಲೆಕ್ಕ, ಅಂದರೆ ಮುಳುಗಲು ಮೈಗೆ ಕಟ್ಟುವ ತೂಕದ ಲೆಕ್ಕ, ಇಲ್ಲೇ ಮುಗಿಯಬೇಕು.

200ರಿಂದ 50 ಬಾರ್‌ಗೆ ಇಳಿದರೆ 12 ಲೀಟರಿನ ಸಿಲಿಂಡರಿನಿಂದ ಹೋದ ಗ್ಯಾಸ್ 1800 ಲೀಟರ್. ಲೀಟರಿಗೆ ಸುಮಾರು 1.2 ಗ್ರಾಂ ಹಿಡಿದರೆ ಅದು 2.2 ಕೆಜಿಯ ಹತ್ತಿರ. ಅಂದರೆ ಡೈವ್ ಕೊನೆಗೆ ಅಷ್ಟು ಹಗುರ, ಅದರ ಮೇಲೆ ಖಾಲಿಯಾದ ಅಲ್ಯೂಮಿನಿಯಂ ತಾನೇ ತೇಲುತ್ತದೆ. ಪರೀಕ್ಷೆ ಮಾಡಬೇಕಾದದ್ದು ಕೊನೆಯಲ್ಲಿ: 50 ಬಾರ್, 5 ಮೀಟರ್, ಬಿಸಿಡಿ ಖಾಲಿ, ಉಸಿರು ಮಾಮೂಲಿ. ಆಗ ಏರದೆ ಇಳಿಯದೆ ನಿಂತರೆ ಸೀಸ ಸರಿ. ಶುರುವಿನಲ್ಲಿ ಇಳಿಯಲಾಗದೆ ಒದ್ದಾಡುವವರು ಸಾಮಾನ್ಯವಾಗಿ ಉಸಿರನ್ನು ಪೂರ್ತಿ ಬಿಟ್ಟಿರುವುದಿಲ್ಲ, ಕಾಲು ಬಡಿಯುತ್ತಿರುತ್ತಾರೆ. ಅವರಿಗೆ ಸೀಸ ಸೇರಿಸುವುದು ತಪ್ಪು ಔಷಧ. 2 ಕೆಜಿ ಹೆಚ್ಚಾದರೆ ಆಳದಲ್ಲಿ ಬಿಸಿಡಿಗೆ 2 ಲೀಟರ್ ಹೆಚ್ಚು ಗಾಳಿ ತುಂಬಬೇಕು. 30 ಮೀಟರಿನ ಆ 2 ಲೀಟರ್ 10 ಮೀಟರಿಗೆ ಬರುವಾಗ 4 ಲೀಟರ್ ಆಗಿ ಮೇಲಕ್ಕೆ ಎಳೆಯುತ್ತದೆ. ಸೆಳೆತದಲ್ಲಿ ಉಬ್ಬಿದ ಬಿಸಿಡಿ ಹಾಯಿಯಂತೆ ನೀರು ಹಿಡಿಯುತ್ತದೆ, ಉಸಿರಿನ ಖರ್ಚೂ ಏರುತ್ತದೆ. ನಮ್ಮ ಗುಂಪಿನಲ್ಲಿ ಹೆಚ್ಚಿನವರಿಗೆ ಈ ಡೈವ್ ನಂತರ ಒಂದೊಂದು ಕೆಜಿ ಕಳೆಯಿತು.

ಮಧ್ಯಾಹ್ನ ಕಂಡೂಮ ತಿಲಾ. ತಿಲಾ ಎಂದರೆ ನೆತ್ತಿ ನೀರಿನೊಳಗೇ ಉಳಿಯುವ ದಿಬ್ಬ. ಸೆಳೆತ ಮಧ್ಯಮ.

ಮಂಗಳವಾರ, ಬುಧವಾರ: ವಾವು

ವಾರದ ತಿರುಳು ಇಲ್ಲಿದೆ. ಮಿಯಾರು ಕಂಡು, ಫೊಟ್ಟೆಯೊ. ಎರಡೂ ಪೂರ್ವದಂಚಿನ ಕಾಲುವೆಗಳು. ಸೆಳೆತ ಒಳಮುಖ, ನೋಟ 25 ಮೀಟರಿಗೂ ಹೆಚ್ಚು.

ಧೋನಿಯಿಂದ ಮಾರ್ಗದರ್ಶಿ ಮೊದಲು ಒಬ್ಬನೇ ಇಳಿದು ಸೆಳೆತ ನೋಡುತ್ತಾನೆ. ಹೊರಮುಖವಾಗಿದ್ದರೆ ಆ ಕಾಲುವೆ ರದ್ದು. ತೆರೆದ ಸಾಗರಕ್ಕೆ ಕೊಂಡೊಯ್ಯುವ ನೀರಿನಲ್ಲಿ ಶಾರ್ಕ್‌ಗಾಗಿ ಇಳಿಯುವುದು ಬೇಡ. ಒಳಮುಖವಾದರೆ ಬಾಯಿಗಿಂತ ಮೇಲ್‌ಸೆಳೆತದಲ್ಲಿ, ಸಾಗರದ ಕಡೆ ಎಲ್ಲರೂ ಒಟ್ಟಿಗೆ ಹಾರಬೇಕು, ಬಿಸಿಡಿ ಪೂರ್ತಿ ಖಾಲಿ ಮಾಡಿಕೊಂಡು. ಮೇಲೆ ತೇಲಿ 'ಓಕೆ' ತೋರಿಸುತ್ತ ಕೂತ ಒಂದು ನಿಮಿಷದಲ್ಲಿ ಬಾಯಿ ದಾಟಿಹೋಗುತ್ತದೆ. ಖಾಲಿ ಮಾಡಿ ಇಳಿಯುವವರಿಗೆ ತಪಾಸಣೆ ಧೋನಿಯ ಮೇಲೇ ಮುಗಿದಿರಬೇಕು: ವಾಲ್ವ್, ಮಾಸ್ಕ್, ಡೈವ್ ಕಂಪ್ಯೂಟರಿನಲ್ಲಿ ನೈಟ್ರಾಕ್ಸ್ ಅಂಕೆ. ಕಿವಿಯ ಒತ್ತಡ ಸರಿಹೊಂದದವರು ನಿಲ್ಲಬೇಕು, ಗುಂಪನ್ನು ಹಿಡಿಯಲು ಬಲವಂತ ಮಾಡಬಾರದು.

ಕಾಲುವೆಯ ತುಟಿ 30 ಮೀಟರಿನ ಆಸುಪಾಸು. ಮಾಲ್ಡೀವ್ಸ್ ಕಾನೂನಿನಲ್ಲಿ ಹವ್ಯಾಸಿ ಡೈವ್‌ನ ಮಿತಿಯೂ ಅದೇ 30. ಅಲ್ಲಿ ರೀಫ್ ಹುಕ್ ಹಾಕಿ ನಿಲ್ಲುವುದು. ಹುಕ್ ಸತ್ತ ಬಂಡೆಯ ಬಿರುಕಿಗೆ ಮಾತ್ರ; ಒಂದೂವರೆ ಮೀಟರ್ ಹಗ್ಗದ ಇನ್ನೊಂದು ತುದಿ ಬಿಸಿಡಿಯ ಎದೆಯ ಬಳಿಯ ಉಂಗುರಕ್ಕೆ. ಸ್ವಲ್ಪ ಗಾಳಿ ತುಂಬಿದರೆ ತಳದಿಂದ ಮೇಲೆ ತೂಗಾಡುತ್ತ ನಿಲ್ಲಬಹುದು, ಹವಳಕ್ಕೆ ಮೊಣಕಾಲು ತಾಗುವುದಿಲ್ಲ. ಬಿಡಿಸುವ ಮೊದಲು ಆ ಗಾಳಿ ಹೊರಹಾಕಲೇಬೇಕು. ಮರೆತರೆ ಹುಕ್ ಕಳಚಿದ ಕ್ಷಣ ಮೇಲಕ್ಕೆ ಓಟ. ಮುಖ ಸೆಳೆತಕ್ಕೆ ನೇರ ಇರಲಿ: ಪಕ್ಕಕ್ಕೆ ತಿರುಗಿದರೆ ಮಾಸ್ಕ್ ಜಾರುತ್ತದೆ, ಬಾಯಲ್ಲಿರುವ ಅಥವಾ ಪಕ್ಕದಲ್ಲಿ ನೇತಾಡುವ ರೆಗ್ಯುಲೇಟರಿನ ಗುಂಡಿಯನ್ನು ನೀರೇ ಒತ್ತಿ ಗ್ಯಾಸ್ ಸುರಿಯತೊಡಗುತ್ತದೆ.

ಗ್ಯಾಸ್ ಲೆಕ್ಕ. ಮೇಲ್ಮೈಯಲ್ಲಿ ನಿಮಿಷಕ್ಕೆ 18 ಲೀಟರ್ ಉಸಿರಾಡುವವರಿಗೆ 30 ಮೀಟರಿನಲ್ಲಿ (4 ಬಾರ್ ಒತ್ತಡ) 72 ಲೀಟರ್ ಬೇಕು. 50 ಬಾರ್ ಉಳಿಸಿ ಕೈಯಲ್ಲಿರುವ 1800 ಲೀಟರ್ 25 ನಿಮಿಷಕ್ಕೆ ಬರುತ್ತದೆ. ಸೆಳೆತಕ್ಕೆ ಎದುರು ಈಜಿ ಉಸಿರು 25 ಲೀಟರಿಗೆ ಏರಿದರೆ ಬರೀ 18 ನಿಮಿಷ. ನೈಟ್ರಾಕ್ಸ್ 32ರಲ್ಲಿ 30 ಮೀಟರ್ ಎಂದರೆ ಗಾಳಿಯಲ್ಲಿ 24.4 ಮೀಟರಿಗೆ ಸಮ. ಡೈವ್ ತರಬೇತಿ ಸಂಸ್ಥೆ ಪಾಡಿಯ ಪಟ್ಟಿಯಲ್ಲಿ ಸಾರಜನಕದ ಮಿತಿ ಗಾಳಿಗೆ 30 ಮೀಟರಿನಲ್ಲಿ 20 ನಿಮಿಷ, 25 ಮೀಟರಿನಲ್ಲಿ 29 ನಿಮಿಷ. ಹಾಗಾಗಿ ದಿನದ ಮೊದಲ ಡೈವ್‌ನಲ್ಲಿ ನೈಟ್ರಾಕ್ಸ್ ಇದ್ದವರನ್ನು ಮೇಲೆ ಕಳಿಸುವುದು ಗ್ಯಾಸ್. 15 ಲೀಟರಿನ ಸಿಲಿಂಡರ್ ಕೇಳಿ ಪಡೆದವರಿಗೆ 2250 ಲೀಟರ್, 31 ನಿಮಿಷ. ಅವರಿಗೆ ಮಾತ್ರ ಸಾರಜನಕದ ಮಿತಿ ಮೊದಲು ಬರುತ್ತದೆ. ಹೆಚ್ಚು ಉಸಿರು ಬೇಕಾದವರು ಇದನ್ನು ಸಂಕೋಚವಿಲ್ಲದೆ ಮೊದಲ ದಿನವೇ ಕೇಳಬೇಕು, ಇಲ್ಲದಿದ್ದರೆ ಇಡೀ ಗುಂಪಿನ ಡೈವ್ ಅವರ ಗೇಜ್‌ಗೆ ಕಟ್ಟಿಬೀಳುತ್ತದೆ. 100 ಬಾರ್‌ಗೆ ಎಲ್ಲರೂ ಹುಕ್ ಬಿಡಿಸಿ ಕಾಲುವೆಯೊಳಗೆ ತೇಲುವುದು ಎಂದು ನಿಯಮ ಇಟ್ಟುಕೊಂಡದ್ದು ಚೆನ್ನಾಗಿ ನಡೆಯಿತು.

ನೈಟ್ರಾಕ್ಸ್ ಪರೀಕ್ಷೆ ಪ್ರತಿ ಸಲವೂ. ಮೀಟರನ್ನು ಬರಿಯ ಗಾಳಿಯಲ್ಲಿ 20.9ಕ್ಕೆ ಹೊಂದಿಸಿ, ವಾಲ್ವನ್ನು ಮೆಲ್ಲಗೆ ತೆರೆದು, ಅಂಕೆ ನಿಲ್ಲುವವರೆಗೆ ಕಾಯಿರಿ. ಗ್ಯಾಸ್ ಜೋರಾಗಿ ಬಿಟ್ಟರೆ ಅಂಕೆ ಸುಳ್ಳಾಗಿ ಏರುತ್ತದೆ. ಸೆನ್ಸರ್ ಒದ್ದೆಯಾದರೂ ತಪ್ಪು ತೋರಿಸುತ್ತದೆ. 32ಕ್ಕೆ 1.4 ಬಾರ್ ಆಮ್ಲಜನಕದ ಮಿತಿ 33.75 ಮೀಟರ್; 36 ಬಂದಿದ್ದರೆ 28.8 ಮೀಟರ್, ಅಂದರೆ ಕಾಲುವೆಯ ತುಟಿಗೆ ಹೋಗುವಂತಿಲ್ಲ. ಕೆಲವು ಕಂಪ್ಯೂಟರ್‌ಗಳು ದಿನ ಕಳೆದ ಮೇಲೆ ತಾವಾಗಿ ಹಳೆಯ ಅಂಕೆ ಬಿಟ್ಟುಬಿಡುತ್ತವೆ, ಬೆಳಗ್ಗೆ ನೋಡಿಕೊಳ್ಳಿ.

ಮಂಗಳವಾರ ರಾತ್ರಿ ಅಲಿಮತಾ: ನರ್ಸ್ ಶಾರ್ಕ್‌ಗಳು, ತೊರಕೆ ಮೀನುಗಳು. ಆಳ ಕಡಿಮೆ. ಟಾರ್ಚ್ ಬೆಳಕು ಕಣ್ಣಿಗೆ ಹಾಯಿಸಬೇಡಿ, ಕೈಗಳನ್ನು ಮೈಗೆ ಹತ್ತಿರ ಇಟ್ಟುಕೊಳ್ಳಿ. ದೇಶದಲ್ಲಿ ಶಾರ್ಕ್ ಹಿಡಿಯುವುದನ್ನು 2010ರಲ್ಲಿ ನಿಷೇಧಿಸಿದರು.

ಎಲ್ಲರೂ ಕಲಿಯಲೇಬೇಕಾದದ್ದು ಎಸ್‌ಎಂಬಿ, ಅಂದರೆ ದಾರ ಕಟ್ಟಿದ ಗುರುತಿನ ಕೊಳವೆಯನ್ನು ಗಾಳಿ ತುಂಬಿ ಮೇಲಕ್ಕೆ ಬಿಡುವುದು. ಕಾಲುವೆಯೊಳಗೆ ತೇಲಿ ಗುಂಪು ಚೆದುರಿದರೆ ಧೋನಿಗೆ ಕಾಣುವುದು ಆ ಕಿತ್ತಳೆ ಕೊಳವೆಯೊಂದೇ. ಮೊದಲು ನೀವು ನಿಂತ ಆಳದಲ್ಲಿ ಸ್ಥಿರವಾಗಿ. ಮೇಲೆ ನೋಡಿ, ದೋಣಿಯ ಸದ್ದು ಕೇಳಿ. ಬಿಚ್ಚಿ, ದಾರ ಮೆದುಗೊಳವೆಗಳಿಗೆ ಸುತ್ತಿಲ್ಲ ಎಂದು ಬೆರಳಿನಿಂದ ಜಾಡು ಹಿಡಿಯಿರಿ. ಒಂದೆರಡು ಉಸಿರಿನ ಗಾಳಿ ಸಾಕು. 10 ಮೀಟರಿನಿಂದ ಹೊರಟದ್ದು ಮೇಲೆ ಹೋಗುವಷ್ಟರಲ್ಲಿ ಎರಡು ಪಟ್ಟಾಗುತ್ತದೆ. ದಾರ ಸುತ್ತಿದ ಸ್ಪೂಲನ್ನು ಎಂದೂ ಬಿಸಿಡಿಗೆ ಸಿಕ್ಕಿಸಿಕೊಳ್ಳಬಾರದು: ದಾರ ಸಿಕ್ಕಿಕೊಂಡರೆ ಕೈಬಿಟ್ಟು ಕಳೆದುಕೊಳ್ಳಬಹುದು, ಮೈಗೆ ಕಟ್ಟಿದ್ದರೆ ಅದು ನಿಮ್ಮನ್ನೂ ಎಳೆದೊಯ್ಯುತ್ತದೆ. ನೇತ್ರಾಣಿಯಲ್ಲಿ ಕಲಿತು ಬರುವ ನಮ್ಮವರು ಅಲ್ಲೇ, ಲಂಗರು ಹಾಕಿದ ದೋಣಿಯ ಪಕ್ಕದಲ್ಲಿ, ಇದನ್ನು ಹತ್ತು ಸಲ ಮಾಡಿ ಬರುವುದು ಒಳ್ಳೆಯದು. ವಾವುವಿನ ಕಾಲುವೆ ಅಭ್ಯಾಸದ ಜಾಗವಲ್ಲ. ಸಫಾರಿ ದೋಣಿಗಳು ಸಾಮಾನ್ಯವಾಗಿ 30ರಿಂದ 50 ಡೈವ್‌ಗಳ ಅನುಭವ ಕೇಳುವುದೂ ಇದಕ್ಕೇ.

ಗುರುವಾರ, ದಕ್ಷಿಣ ಆರಿ

ವಾವುವಿನಿಂದ ಆರಿಗೆ ತೆರೆದ ಸಾಗರ ದಾಟುವಾಗ ಹೊಯ್ದಾಟ. ವಾಂತಿಯ ಮಾತ್ರೆ ಹಿಂದಿನ ರಾತ್ರಿಯೇ ನುಂಗಿದ್ದರೆ ಫಲ. ತಲೆಸುತ್ತು ಶುರುವಾದ ಮೇಲೆ ಅಲ್ಲ. ಮೂಗು ಕಟ್ಟಿದ್ದಕ್ಕೆ ಮಾತ್ರೆ ನುಂಗಿ ಡೈವ್ ಮಾಡುವುದು ಬೇರೆ ವಿಷಯ: ಆಳದಲ್ಲಿ ಔಷಧದ ಪ್ರಭಾವ ಇಳಿದರೆ ಏರುವಾಗ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ, ಮೇಲೆ ಬರದೇ ಇರಲೂ ಆಗದು. ಶೀತವಿದ್ದರೆ ಡೈವ್ ಬಿಡಿ.

ರಂಗಳಿ ಮಡಿವರುವಿನಲ್ಲಿ ಮಂಟಾ, ಈಗ ನೀರು ಹಸಿರು. ಪುಟ್ಟ ಮೀನುಗಳು ಮಂಟಾದ ಮೈ ಶುಚಿ ಮಾಡುವ ದಿಬ್ಬವನ್ನು ಬಿಟ್ಟು ಪಕ್ಕದಲ್ಲಿ ತಗ್ಗಾಗಿ ನಿಲ್ಲಬೇಕು. ಅದರ ಕೆಳಗೆ ಹೋಗಿ ಗುಳ್ಳೆ ಬಿಟ್ಟರೆ ಎದ್ದು ಹೋಗುತ್ತದೆ, ಆ ದಿನ ಹಿಂದಿರುಗದೆಯೂ ಇರಬಹುದು. ಮಧ್ಯಾಹ್ನ ತಿಮಿಂಗಿಲ ಶಾರ್ಕ್ ಹುಡುಕಾಟ, 2009ರಲ್ಲಿ ಸಂರಕ್ಷಿತವೆಂದು ಘೋಷಿಸಿದ ಹೊರ ಹವಳದಂಚಿನ ಉದ್ದಕ್ಕೂ. ಇದು ಸ್ನಾರ್ಕೆಲ್ ಕೆಲಸ. ನೀರಿಗೆ ಸದ್ದಿಲ್ಲದೆ ಜಾರಿ, ಮೈಯಿಂದ 3 ಮೀಟರ್, ಬಾಲದಿಂದ 4 ಮೀಟರ್ ದೂರ, ಫ್ಲ್ಯಾಶ್ ಇಲ್ಲ.

ಶುಕ್ರವಾರ, ಉತ್ತರ ಆರಿ

ಫಿಶ್ ಹೆಡ್, ಮಾಯಾ ತಿಲಾ. ಎರಡೂ 1995ರಿಂದ ಸಂರಕ್ಷಿತ. ರಾತ್ರಿ ಫೆಸ್ಡು ಲಗೂನ್: ದೋಣಿಯ ದೀಪಕ್ಕೆ ಪ್ಲಾಂಕ್ಟನ್, ಅದಕ್ಕೆ ಮಂಟಾ.

ಇಷ್ಟು ಹೊತ್ತಿಗೆ ದಣಿವು ಕಾಣುತ್ತದೆ. 28 ಡಿಗ್ರಿ ನೀರೂ ದಿನಕ್ಕೆ ಮೂರ್ನಾಲ್ಕು ಗಂಟೆಯಾದರೆ ಮೈಯ ಶಾಖ ಹೀರುತ್ತದೆ; ತಲೆಗವಸು ಇದ್ದವರು ಆರಾಮ. ಕಿವಿಯ ನಾಳ ಸದಾ ಒದ್ದೆಯಿದ್ದು ಸೋಂಕಾಗುತ್ತದೆ, ಪ್ರತಿ ಡೈವ್ ನಂತರ ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ಮಧ್ಯಾಹ್ನದ ಒಂದು ಡೈವ್ ಬಿಟ್ಟು ಮಲಗಿದವರೇ ಶನಿವಾರ ಚುರುಕಾಗಿದ್ದರು.

ಒಂದು ಸಿಲಿಂಡರಿನ ಬಾಯಲ್ಲಿ ಗುಳ್ಳೆ. ವಾಲ್ವಿನ ಓ-ರಿಂಗ್ (ರಬ್ಬರ್ ಬಳೆ) ಸೀಳಿತ್ತು. ಸಿಲಿಂಡರಿಗೆ ರೆಗ್ಯುಲೇಟರ್ ಜೋಡಿಸುವುದು ಎರಡು ಬಗೆ; ಯೋಕ್ ವಾಲ್ವಿಗೆ 014, ಡಿನ್ ರೆಗ್ಯುಲೇಟರಿಗೆ 112: ಎರಡು ಅಳತೆಯಲ್ಲೂ ನಾಲ್ಕು ನಾಲ್ಕು ಇಟ್ಟುಕೊಳ್ಳಿ. ಜೊತೆಗೆ ಫಿನ್ ಪಟ್ಟಿ, ಮಾಸ್ಕ್ ಪಟ್ಟಿ, ಬಾಯಿಕಟ್ಟು, ಜಿಪ್ ಟೈ.

ಶನಿವಾರ, ರಸ್ಧೂ

ಬೆಳಕು ಹರಿಯುವಾಗ ಹ್ಯಾಮರ್‌ಹೆಡ್ ಡೈವ್. ಹವಳದಂಚು ಬಿಟ್ಟು ನೀಲಿಯೊಳಗೆ ಹೋಗುವುದರಿಂದ ಕಣ್ಣಿಗೆ ತಳವೂ ಇಲ್ಲ, ಗೋಡೆಯೂ ಇಲ್ಲ. ಗೊತ್ತಾಗದೆ 30 ದಾಟುತ್ತೀರಿ. ಪ್ರತಿ ಅರ್ಧ ನಿಮಿಷಕ್ಕೆ ಕಂಪ್ಯೂಟರ್ ನೋಡಿ. ಹವಳದಂಚಿನ ಬಳಿ ಗುಳ್ಳೆಗಳು ಕೆಳಕ್ಕೆ ಹೋಗುತ್ತಿದ್ದರೆ ಇಳಿಸೆಳೆತ, ಗೋಡೆಯಿಂದ ದೂರ ಸರಿಯಿರಿ. ಶಾರ್ಕ್ ದೂರದಲ್ಲಿ, ನೆರಳಿನಂತೆ.

ಕೊನೆಯ ಡೈವ್ ಬೆಳಗ್ಗೆ 11ರೊಳಗೆ ಮುಗಿಸಿ, ಸುಮಾರು 60 ಕಿ.ಮೀ. ಪೂರ್ವಕ್ಕೆ ಮಾಲೆಯತ್ತ. ಹಲವು ದಿನ ಪದೇಪದೇ ಡೈವ್ ಮಾಡಿದವರು ವಿಮಾನ ಹತ್ತುವ ಮೊದಲು ಕನಿಷ್ಠ 18 ಗಂಟೆ, ನಾವು ಇಟ್ಟುಕೊಂಡದ್ದು 24. ಬೆಂಗಳೂರಿಗೆ ಮಾಲೆಯಿಂದ ನೇರ ವಿಮಾನ ಎರಡು ಗಂಟೆಯ ಆಸುಪಾಸು. ಹಾರಾಟ ಚಿಕ್ಕದೆಂದು ಈ ಗಂಟೆಗಳನ್ನು ಕಡಿತ ಮಾಡುವಂತಿಲ್ಲ, ಕ್ಯಾಬಿನ್ ಒತ್ತಡ ಇಳಿಯುವುದು ಅಷ್ಟೇ. ಕೀಲು ನೋವು, ಜೋಮು, ಚರ್ಮದ ಮೇಲೆ ಕೆಂಪು ಮಚ್ಚೆ ಕಂಡರೆ ದಣಿವೆಂದು ತಳ್ಳಿಹಾಕದೆ ದೋಣಿಯ ಆಮ್ಲಜನಕ ಕೇಳಿ. ಒತ್ತಡ ಚಿಕಿತ್ಸೆಯ ಚೇಂಬರ್ ಮಾಲೆಯ ಹತ್ತಿರವೇ, ಬಂಡೋಸ್ ದ್ವೀಪದಲ್ಲಿದೆ.

ರೆಗ್ಯುಲೇಟರ್ ತೊಳೆಯುವಾಗ ಧೂಳಿನ ಮುಚ್ಚಳ ಒಣಗಿಸಿ ಹಾಕಿ, ಗುಂಡಿ ಒತ್ತಬೇಡಿ. ಒತ್ತಿದರೆ ನೀರು ಕೊಳವೆಯ ಮೂಲಕ ಮೊದಲ ಹಂತಕ್ಕೆ (ಸಿಲಿಂಡರಿಗೆ ಕೂರುವ ಭಾಗಕ್ಕೆ) ಏರುತ್ತದೆ. ಬಿಸಿಡಿಯೊಳಗೆ ಅರ್ಧ ಸಿಹಿನೀರು ತುಂಬಿ ಅಲುಗಿಸಿ ಎರಡು ಸಲ ಚೆಲ್ಲಿ. ಟಾರ್ಚಿನ ಬ್ಯಾಟರಿ ಕೈಚೀಲಕ್ಕೆ, ಚಾಕು ಮತ್ತು ಹುಕ್ ದೊಡ್ಡ ಚೀಲಕ್ಕೆ.